ಗ್ವಾಡಿ ಮ್ಯಾಲಿನ ಬಾಕಿ

ಬೆರಳು ಇರಬಿ ಹಂಗ ಹತ್ತಬೇಕಂತ.
ತಸ್ನೀಮ ಹೇಳ್ಯಾಳ, ದೊಡ್ಡ ದವಾಖಾನಿ ಹುಡುಗಿ,
ನನ್ನ ಮೊಮ್ಮಗಳಗಿಂತ ಎರಡು ವರ್ಷ ಸಣ್ಣಾಕಿ:
"ಅಜ್ಜಿ, ಗ್ವಾಡಿಗೆ ಮುಖ ಮಾಡಿ ನಿಂದರ್ರಿ,
ದಿನಾ ಒಂದೊಂದು ಇಂಚು ಮ್ಯಾಲ."
ಆಕಿ ಇಂಚು ಅಂದಳು, ನಾನು ಗುಂಜಿ ಅಂತ ತಿಳಕೊಂಡೆ,
ಬಂಗಾರ ತೂಗಿದಂಗ ಏರೂದು.

ಯಾವ ಗ್ವಾಡಿ ಅಂದ್ರ, ಖಾನಾವಳಿ ಒಲಿ ಹಿಂದಿನ ಗ್ವಾಡಿ.
ಹೊಗಿ ತಿಂದು ತಿಂದು ಬದನಿಕಾಯಿ ಬಣ್ಣಾಗೇತಿ.
ನಾಲ್ವತ್ತೊಂದು ವರ್ಷ ಇದಕ್ಕ ಬೆನ್ನು ಹಚ್ಚಿ
ರೊಟ್ಟಿ ಬಡದೆ.
ಬೆಟಗೇರಿ ಮಗ್ಗದವರು, ಗದಗಿನ ಹಮಾಲರು,
ಪ್ರೆಸ್ಸಿನ ಹುಡುಗರು, ವರ್ಗಾಗಿ ಬಂದ ತಲಾಠಿ,
ನನ್ನ ಮುಖ ನೋಡಿದ್ದು ಕಡಿಮಿ,
ಸಪ್ಪಳ ಕೇಳಿ ಉಂಡವರು.

ಹೋದ ವರ್ಷ ಬಲಭುಜ ಕಲ್ಲಾತು.
ಹೆರಳು ಹಾಕಾಕ ಸೊಸಿ ಬೇಕು, ಸೆರಗು ಹೊಚ್ಚಾಕ ಸೊಸಿ ಬೇಕು.
ಎಡಗೈಲೆ ಹಚ್ಚಿದ ಈಬತ್ತಿ ಓರೆ ಬಂದು
ಶಿವನೂ ನಕ್ಕಿರಬೇಕು.
ಶಕ್ಕು ರೊಟ್ಟಿ ಮಷೀನ ತಂದಳು.
ಗುಂಡಗ ಬರತಾವು, ಪಾಪ, ಒಂದಕ್ಕೂ ಕೈಗುರ್ತಿಲ್ಲ.

"ಕುಂದರ್ರಿ ಅತ್ತಿ, ದುಡದದ್ದು ಸಾಕು."
ಕುಂತೆ.
ಎಂಟು ದಿನಕ್ಕ ಮೊಣಕಾಲೂ ಭುಜದ ಕಡೆ ಸೇರಿ
ನನ್ನ ಜೋಡಿ ಮಾತು ಬಿಟ್ಟವು.
ತುಕ್ಕಿನ ರುಚಿ ಬಾಯಾಗ ಬಂತು.

ಈಗ ದಿನಾ ನಸುಕಿನ್ಯಾಗ ಗ್ವಾಡಿ ಮುಂದ.
ಬಾಜೂಮನಿ ಕೊಟ್ರಪ್ಪನ ಮಗ್ಗ ಖಟ್ ಅಂದ್ರ ಒಂದು ಬೆರಳು,
ಪಟ್ ಅಂದ್ರ ಇನ್ನೊಂದು.
ಸೀರಿ ಜೋಡಿ ನನ್ನ ಕೈನೂ ನೇಯಾಕತ್ತಾನ, ಅವಗ ಗೊತ್ತಿಲ್ಲ.
ಅವನ ನೂಲು ಹರದ್ರ
ನಾನೂ ನಿಂತು ಉಸಿರು ತಗೊಂತೀನಿ.

ಗ್ವಾಡಿ ತುಂಬ ಇದ್ದಲಿ ಗೀಟು, ಉಂಡವರ ಬಾಕಿ.
ನಾನು ಸಾಲಿ ಕಲತಾಕಿ ಅಲ್ಲ,
ನಾಕು ಗೀಟಿಗೆ ಒಂದು ಅಡ್ಡಗೀಟು, ಹೆಸರಿನ ಬದಲಿ ಗುರ್ತು.
ಕುಂತಲ್ಲೇ ಹಾಕಿದ್ದು ಕೆಳಗ,
ಮ್ಯಾಲಿನವು ಚಟ್ಟನ ಎದ್ದು ಹಾಕತಿದ್ದ ಕಾಲದವು.

ಮೊದಲ ವಾರ ಸೊಂಟದ ಮಟ್ಟ, ಅಲ್ಲಿ ಕತ್ರಿ.
ದರ್ಜಿ ರೊಕ್ಕ ಕೊಡಲಿಲ್ಲ, ಎರಡು ಕುಪ್ಪಸ ಹೊಲದು ಕೊಟ್ಟ,
ತೋಳು ಬಿಗಿ.
ಎದಿ ಮಟ್ಟಕ್ಕ ಛತ್ರಿ.
ಮಾಸ್ತರ ಹೋಗಿ ಹನ್ನೆರಡು ವರ್ಷಾತು.
ಬೆರಳು ಅವರನ್ನ ದಾಟುವಾಗ ಭುಜದಾಗ ಕಟಕ್ ಅಂತು,
ನೋವೋ, ಬಾಕಿ ಮುಟ್ಟಿದ್ದೋ.

ಶಿವರಾತ್ರಿಗೆ ಗದ್ದದ ಮಟ್ಟ. ಅಲ್ಲೇ ನಿಂತಿತು.
ಹದಿನೈದು ದಿನ, ಒಂದು ಗುಂಜಿ ಸೈತ ಇಲ್ಲ.
ತಸ್ನೀಮ ಅಳತಿ ಪಟ್ಟಿ ಮಡಚಿದಳು,
"ಇಷ್ಟ ಆಗಬಹುದು ಅಜ್ಜಿ."
ಸುಳ್ಳು ಹೇಳಾಕ ಇನ್ನಾ ಕಲತಿಲ್ಲ ಹುಡುಗಿ.
ಮಷೀನಿನ ರೊಟ್ಟಿ, ಮ್ಯಾಲ ಎಣಗಾಯಿ ಹಾಕಿ ಕೊಟ್ಟೆ. ಎಡಗೈಲೆ.

ನಿನ್ನೆ ಶಕ್ಕು ಸಂತಿಗೆ ಹೋದಾಗ
ಒಂದು ಹಿಡಿ ಹಿಟ್ಟು ನಾದಿದೆ.
ಕೈ ಮ್ಯಾಲ ಏಳಂಗಿಲ್ಲಂದ್ರ ಬಿಡಲಿ,
ನಾನ ಸ್ಟೂಲ್ ಮ್ಯಾಲ ಕುಂತು ಕೊಣಮಿಗಿ ಕೆಳಗಿಟ್ಟೆ,
ಬೀಳೂದರ ಬರತೈತಲ್ಲ.
ಟಪ್.
ಬಾಳ ಹೊತ್ತು ಬಿಟ್ಟು
ಟಪ್.
ಬಾಜೂಕ ಮಗ್ಗ ನಿಂತಿತು.

ಒಂದು ಕಡೆ ದಪ್ಪ, ಅಂಚು ಸೀಳಿ,
ಎಮ್ಮಿ ಕಿವಿ ಹಂಗ ಬಂದಿತ್ತು ರೊಟ್ಟಿ.
ಬಾಗಲದಾಗ ಕೊಟ್ರಪ್ಪ, ಮೀಸಿ ತುಂಬ ನೂಲಿನ ಧೂಳಿ,
"ಫಕ್ಕೀರವ್ವ, ಯಾರು ಬಡದವರು?"
"ಉಂಡು ಹೇಳು" ಅಂದೆ.
ಅರ್ಧ ತಿಂದ, ಅರ್ಧ ಕೈಯಾಗ ಹಿಡಕೊಂಡು ಹೋದ,
ರೊಕ್ಕದ ಮಾತ ಇಲ್ಲ.

ಇದ್ದಲಿ ಹುಡಕಿದೆ.
ಗದ್ದದ ಮಟ್ಟ, ಕೈ ಎಲ್ಲಿ ನಿಲ್ಲತೈತೋ ಅಲ್ಲೆ
ಒಂದು ಲಾಳಿ ಬರದು
ಬಾಜೂಕ ಗೀಟು ಎಳದೆ.
ಅಡ್ಡಗೀಟಿಗೆ ಇನ್ನ ಮೂರು ಬೇಕು.